ಯಜಮಾನ ಬದಲಾದ ವರ್ಷದ ವೈನ್: ಆರೆಗನ್‌ನ ಐರಿ ತೋಟದ ಒಂದು ಪ್ರಕರಣ

ಅಮೆರಿಕದ ಆರೆಗನ್ ರಾಜ್ಯದಲ್ಲಿ ಐರಿ ವಿನ್ಯಾರ್ಡ್ಸ್ ಎಂಬ ಸಣ್ಣ ವೈನರಿ ಇದೆ. ಅದನ್ನು ಕಟ್ಟಿದ ಡೇವಿಡ್ ಲೆಟ್ 2005ರಲ್ಲಿ ತೋಟವನ್ನೂ ವೈನ್ ಮಾಡುವ ಹೊಣೆಯನ್ನೂ ಮಗ ಜೇಸನ್ ಲೆಟ್‌ಗೆ ಒಪ್ಪಿಸಿದರು. ಮೂರು ವರ್ಷಗಳ ನಂತರ, 2008ರ ಅಕ್ಟೋಬರ್ 9ರಂದು, ದ್ರಾಕ್ಷಿ ಕೊಯ್ಲಿನ ದಿನಗಳಲ್ಲೇ, ಹೃದಯದ ಕಾಯಿಲೆಯಿಂದ ತೀರಿಕೊಂಡರು. ಆಗ ಅವರಿಗೆ 69 ವರ್ಷ. ಆ ರಾಜ್ಯದ ವಿಲಾಮೆಟ್ ಕಣಿವೆಯಲ್ಲಿ ಪಿನೋ ನ್ವಾರ್ ಎಂಬ ಕೆಂಪು ವೈನ್ ದ್ರಾಕ್ಷಿಗೆ ನೆಲೆ ಕೊಟ್ಟವರು ಅವರು. ‘ಪಾಪಾ ಪಿನೋ’ ಎಂದೇ ಜನ ಅವರನ್ನು ಕರೆಯುತ್ತಿದ್ದರು.

ಸಣ್ಣ ವೈನರಿಯ ಯಜಮಾನ ಹೋದಾಗ ಮುಂದಿನ ವರ್ಷದ ಬಾಟಲಿ ತೆರೆಯುವವರು ಒಂದೇ ಪ್ರಶ್ನೆ ಕೇಳುತ್ತಾರೆ: ಹಳೆಯ ರುಚಿ ಉಳಿದಿದೆಯೇ? ವರ್ಷಗಟ್ಟಲೆ ಒಬ್ಬರ ವೈನ್ ಕುಡಿದು ಅಭ್ಯಾಸವಾದವರಿಗೆ ಆ ಆತಂಕ ಸಹಜ. ಆದರೆ ಮೊದಲ ಲೋಟದಲ್ಲಿ ಅದಕ್ಕೆ ಉತ್ತರ ಸಿಗುವುದಿಲ್ಲ ಎಂದು ನನ್ನ ದೃಢವಾದ ಅಭಿಪ್ರಾಯ. ಹೊಸ ವರ್ಷದ ವೈನ್‌ನಲ್ಲಿ ಎಲ್ಲಕ್ಕಿಂತ ಗಟ್ಟಿಯಾಗಿ ಮಾತನಾಡುವುದು ಆ ವರ್ಷದ ಮಳೆ ಬಿಸಿಲು. ಕೈ ಬದಲಾದದ್ದು ನಾಲಿಗೆಗೆ ತಿಳಿಯಲು ವರ್ಷಗಳು ಬೇಕು, ಜೊತೆಗೆ ಹೋಲಿಸಿ ನೋಡಲು ಹಳೆಯ ಬಾಟಲಿಗಳೂ ಬೇಕು. ಐರಿಯಲ್ಲಿ ಎರಡೂ ಒದಗಿದವು. ಅದಕ್ಕಾಗಿಯೇ ಈ ಪ್ರಕರಣವನ್ನು ವಿವರವಾಗಿ ನೋಡಬೇಕು.

ತೋಟ ಹುಟ್ಟಿದ ಬಗೆ

ಡೇವಿಡ್ ಲೆಟ್ ವೈನ್ ಮನೆತನದವರೇನೂ ಆಗಿರಲಿಲ್ಲ. ಬೆಳೆದದ್ದು ಯೂಟಾ ರಾಜ್ಯದಲ್ಲಿ. ದಂತವೈದ್ಯರಾಗಬೇಕೆಂದು ಸ್ಯಾನ್ ಫ್ರಾನ್ಸಿಸ್ಕೋ ಕಡೆ ಹೋದವರು ನಾಪಾ ಕಣಿವೆಯ ವೈನರಿಗಳನ್ನು ಕಂಡು ಮನಸ್ಸು ಬದಲಾಯಿಸಿದರು. ಡೇವಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ದ್ರಾಕ್ಷಿ ಕೃಷಿ ಓದಿದರು. ಆಮೇಲೆ ಯುರೋಪಿನಲ್ಲಿ ತಿಂಗಳುಗಟ್ಟಲೆ ಸುತ್ತಿ ಫ್ರಾನ್ಸಿನ ಬರ್ಗಂಡಿ, ಅಲ್ಸಾಸ್ ಮುಂತಾದ ತಂಪು ಸೀಮೆಗಳಲ್ಲಿ ದ್ರಾಕ್ಷಿ ಹೇಗೆ ಹಣ್ಣಾಗುತ್ತದೆ ಎಂಬುದನ್ನು ಕಣ್ಣಾರೆ ನೋಡಿದರು. ಅಲ್ಲಿಂದ ಅವರು ತಂದ ತೀರ್ಮಾನ ಒಂದೇ. ಪಿನೋ ನ್ವಾರ್‌ಗೆ ಬೇಕಾದದ್ದು ಧಾರಾಳ ಬಿಸಿಲಿನ ನಾಡಲ್ಲ. ಹಣ್ಣು ಪಕ್ವವಾಗುವ ಹೊತ್ತಿಗೆ ಸರಿಯಾಗಿ ಋತು ತಣ್ಣಗಾಗುವ ನಾಡು. ಕ್ಯಾಲಿಫೋರ್ನಿಯಾದ ಬಲ್ಲವರು ಆರೆಗನ್ ಬೇಡವೆಂದರು. ವಸಂತದಲ್ಲಿ ಹಿಮ ಸುಡುತ್ತದೆ, ಶರತ್ಕಾಲದಲ್ಲಿ ಮಳೆ ಕೊಳೆಸುತ್ತದೆ ಎಂದು ಎಚ್ಚರಿಸಿದರು. ಲೆಟ್ ಕೇಳಲಿಲ್ಲ.

1965ರ ಫೆಬ್ರವರಿಯಲ್ಲಿ ಸುಮಾರು 3,000 ದ್ರಾಕ್ಷಿ ಕಡ್ಡಿಗಳನ್ನು ತಂದು ಕೊರ್ವಾಲಿಸ್ ಊರಿನ ಬಳಿ ಸಸಿಮಡಿಯಲ್ಲಿ ಊರಿದರು. ಆಗಿನ್ನೂ ಅವರ ಹೆಸರಿನಲ್ಲಿ ತೋಟವಿರಲಿಲ್ಲ. ಮರುವರ್ಷ ಡಯಾನಾ ಅವರನ್ನು ಮದುವೆಯಾದರು. ಗಂಡ ಹೆಂಡತಿ ಸೇರಿ ವಿಲಾಮೆಟ್ ಕಣಿವೆಯ ಡಂಡೀ ಬೆಟ್ಟಗಳಲ್ಲಿ 20 ಎಕರೆ ಕೊಂಡು, ಬೇರು ಬಿಟ್ಟ ಕಡ್ಡಿಗಳನ್ನು ಅಲ್ಲಿಗೆ ಒಯ್ದು ನೆಟ್ಟರು. ತೋಟದ ಮೇಲ್ಗಡೆಯ ಫರ್ ಮರದಲ್ಲಿ ಕೆಂಪು ಬಾಲದ ಗಿಡುಗಗಳು ಗೂಡು ಕಟ್ಟಿದ್ದವು. ತೋಟಕ್ಕೆ ಹೆಸರು ಬಂದದ್ದು ಅವುಗಳಿಂದ; ಇಂಗ್ಲಿಷಿನಲ್ಲಿ ‘ಐರಿ’ ಎಂದರೆ ಬೇಟೆ ಹಕ್ಕಿಯ ಗೂಡು. ಪಿನೋ ನ್ವಾರ್ ಜೊತೆಗೆ ಪಿನೋ ಗ್ರೀ, ಶಾರ್ಡನೆ, ಪಿನೋ ಮುನ್ಯೇ, ಮಸ್ಕಟ್ ಒಟ್ಟೊನೆಲ್ ಬಳ್ಳಿಗಳನ್ನೂ ಬೆಳೆಸಿದರು. ಅಮೆರಿಕದಲ್ಲಿ ಪಿನೋ ಗ್ರೀಯನ್ನು ಮೊದಲು ನೆಟ್ಟವರೆಂಬ ಹೆಸರು ಅವರಿಗೇ ಇದೆ.

ಅಲ್ಲಿನ ಮಣ್ಣಿನ ಹೆಸರು ಜೋರಿ. ನಂದಿಬೆಟ್ಟದ ಬುಡದ ತೋಟಗಳನ್ನು ನೋಡಿದ ನಮ್ಮವರು ಡಂಡೀಗೆ ಹೋದರೆ ಮೊದಲು ಗಮನಿಸುವುದು ಆ ಕೆಂಪನ್ನೇ. ಎರಡೂ ಕಡೆ ಬಣ್ಣ ಕೊಟ್ಟದ್ದು ಕಬ್ಬಿಣದ ತುಕ್ಕು, ಆದರೆ ಮೂಲ ಬಂಡೆ ಬೇರೆ. ನಂದಿಯ ಸುತ್ತ ಗ್ರಾನೈಟ್ ಮತ್ತು ನೈಸ್ ಶಿಲೆ ಸವೆದು ಮಣ್ಣಾಗಿದೆ. ಡಂಡೀಯದು ಸುಮಾರು ಒಂದೂವರೆ ಕೋಟಿ ವರ್ಷಗಳ ಹಿಂದೆ ಹರಿದ ಲಾವಾ ಹೆಪ್ಪುಗಟ್ಟಿದ ಬಸಾಲ್ಟ್. ಅಲ್ಲಿ ಚಳಿಗಾಲವಿಡೀ ಮಳೆ ಸುರಿಯುತ್ತದೆ, ಬೇಸಿಗೆ ಒಣಗಿರುತ್ತದೆ. ಚಳಿಗಾಲದ ನೀರನ್ನು ಆಳದಲ್ಲಿ ಹಿಡಿದಿಟ್ಟುಕೊಳ್ಳುವ ಜೇಡಿಯ ಗುಣ ಆ ಮಣ್ಣಿಗೆ ಇರುವುದರಿಂದ ಲೆಟ್ ಬಳ್ಳಿಗಳಿಗೆ ನೀರುಣಿಸಲೇ ಇಲ್ಲ. ಕಳೆನಾಶಕ, ಕೀಟನಾಶಕಗಳನ್ನೂ ಹತ್ತಿರ ಸೇರಿಸಲಿಲ್ಲ. ಈ ರೂಢಿ ಮುಂದೆ ಮಗನ ಕಾಲಕ್ಕೂ ಹಾಗೆಯೇ ನಡೆದುಬಂತು.

ಸಂಸಾರ ಸಾಗಿಸಲು ಲೆಟ್ ಕಾಲೇಜು ಪಠ್ಯಪುಸ್ತಕಗಳನ್ನು ಮಾರುವ ಕೆಲಸ ಮಾಡುತ್ತಿದ್ದರು. 1970ರಲ್ಲಿ ಮೊದಲ ಕೊಯ್ಲು ಬಂತು. ವೈನ್ ಮಾಡಲು ಹಿಡಿದ ಕಟ್ಟಡ ಮೆಕ್‌ಮಿನ್‌ವಿಲ್ ಪಟ್ಟಣದಲ್ಲಿ ಮೊದಲು ಟರ್ಕಿ ಕೋಳಿಗಳ ಸಂಸ್ಕರಣೆ ನಡೆಯುತ್ತಿದ್ದ ಜಾಗ. ಇಂದಿಗೂ ವೈನರಿ ಅಲ್ಲೇ ಇದೆ. ಆ ಮೊದಲ ಪಿನೋ ನ್ವಾರ್‌ನ ಬಣ್ಣ ತೀರಾ ತೆಳುವಾಗಿತ್ತು. ಅದನ್ನು ಪಿನೋ ಎಂದು ಕರೆಯಲು ಲೆಟ್‌ಗೆ ಮನಸ್ಸು ಒಪ್ಪಲಿಲ್ಲ. ಚೀಟಿಯ ಮೇಲೆ ‘ಆರೆಗನ್ ಸ್ಪ್ರಿಂಗ್ ವೈನ್’ ಎಂದು ಬರೆಸಿ ಅಗ್ಗಕ್ಕೆ ಮಾರಿದರು. ಈ ತೆಳು ಬಣ್ಣ ಮುಂದೆಯೂ ಅವರ ಬೆನ್ನು ಬಿಡಲಿಲ್ಲ.

ಬೋನ್ ಪಟ್ಟಣದ ಎರಡು ದಶಾಂಶ

ಐರಿಯ ಹೆಸರು ಹೊರಜಗತ್ತಿಗೆ ತಲುಪಿದ್ದು 1975ರ ಪಿನೋ ನ್ವಾರ್‌ನಿಂದ. ತೋಟದ ‘ಸೌತ್ ಬ್ಲಾಕ್’ ಎಂಬ ಭಾಗದ ಹಣ್ಣಿನಿಂದ ಮಾಡಿದ ವೈನ್ ಅದು. ಬಳ್ಳಿಗಳಿಗೆ ಆಗ ಹತ್ತು ವರ್ಷವೂ ತುಂಬಿರಲಿಲ್ಲ. 1979ರಲ್ಲಿ ಪ್ಯಾರಿಸ್‌ನಲ್ಲಿ ಗೋ-ಮಿಯೋ ಪತ್ರಿಕೆ ‘ವೈನ್ ಒಲಿಂಪಿಯಾಡ್’ ಏರ್ಪಡಿಸಿತ್ತು. ಕುರುಡು ಪರೀಕ್ಷೆಯಲ್ಲಿ, ಅಂದರೆ ಚೀಟಿ ಮುಚ್ಚಿ ಸುರಿದು ರುಚಿ ನೋಡುವ ಕ್ರಮದಲ್ಲಿ, ಬರ್ಗಂಡಿಯ ಹೆಸರುವಾಸಿ ವೈನ್‌ಗಳ ನಡುವೆ ಯಾರೂ ಕೇಳರಿಯದ ಆರೆಗನ್‌ನ ಈ ವೈನ್ ಮೇಲಿನ ಸ್ಥಾನಗಳಲ್ಲಿ ನಿಂತಿತು. ಬರ್ಗಂಡಿಯ ವ್ಯಾಪಾರಿ ರಾಬರ್ಟ್ ದ್ರುಯಾಂ ಇದನ್ನು ಹಗುರವಾಗಿ ತೆಗೆದುಕೊಳ್ಳಲಿಲ್ಲ. 1980ರಲ್ಲಿ ತಮ್ಮ ಊರಾದ ಬೋನ್‌ನಲ್ಲಿ, ತಮ್ಮ ನೆಲಮಾಳಿಗೆಯ ಉತ್ತಮ ಬಾಟಲಿಗಳನ್ನೇ ಎದುರಿಗಿಟ್ಟು ಮತ್ತೊಮ್ಮೆ ಪರೀಕ್ಷೆ ನಡೆಸಿದರು. ಅವರದೇ 1959ರ ಶಾಂಬೋಲ್-ಮ್ಯೂಸಿನಿ ಮೊದಲು ಬಂತು. ಐರಿ ಎರಡನೆಯದು, ಬರೀ 0.2 ಅಂಕಗಳ ಅಂತರ. 1961ರ ಶಾಂಬರ್ತಾಂ ಕ್ಲೋ ದ ಬೆಜ್ ಐರಿಯ ಹಿಂದೆ ನಿಂತಿತು.

ಆ ಫಲಿತಾಂಶದಿಂದ ದ್ರುಯಾಂ ತೆಗೆದ ನಿರ್ಣಯ ವ್ಯಾಪಾರಿಯದು, ಒಳ್ಳೆಯ ನಿರ್ಣಯವೂ ಹೌದು. 1987ರಲ್ಲಿ ಡಂಡೀ ಬೆಟ್ಟಗಳಲ್ಲೇ ಜಮೀನು ಕೊಂಡರು. ಅವರ ಮಗಳು ವೆರೊನಿಕ್ ಅಲ್ಲಿ ವೈನ್ ಮಾಡತೊಡಗಿದರು. ಐರಿಯ ಮೇಲೆ ಅದರ ಪರಿಣಾಮ ಬೇರೆ ರೀತಿಯದು. ಯಾವ ವೈನ್ ಹೆಸರು ತಂದಿತೋ ಅದರ ನೆನಪು ತೋಟದ ಮುಂದಿನ ಪ್ರತಿ ವರ್ಷಕ್ಕೂ ಅಳತೆಗೋಲಾಯಿತು. ಇನ್ನೊಬ್ಬರು ಆ ಜಾಗಕ್ಕೆ ಬಂದಾಗ ಅವರ ಎದುರು ನಿಲ್ಲುವುದು ತಂದೆಯಷ್ಟೇ ಅಲ್ಲ, 1975 ಕೂಡ.

ಪಿನೋ ನ್ವಾರ್ ಹಣ್ಣಿನ ಸಿಪ್ಪೆ ತೆಳು, ಅದರಲ್ಲಿ ಬಣ್ಣದ ಅಂಶ ಕಡಿಮೆ. ಇತರ ಹಲವು ಕೆಂಪು ದ್ರಾಕ್ಷಿಗಳಲ್ಲಿ ಬಣ್ಣವನ್ನು ಸ್ಥಿರಗೊಳಿಸುವ ಒಂದು ಬಗೆಯ ರಾಸಾಯನಿಕ ರೂಪ ಇದರಲ್ಲಿ ಇಲ್ಲವೇ ಇಲ್ಲ. ಹಾಗಾಗಿ ಸರಿಯಾಗಿ ಮಾಡಿದ ಪಿನೋ ಕೂಡ ಲೋಟದ ಆಚೆ ಕಾಣುವಷ್ಟು ತಿಳಿಯಾಗಿರಬಹುದು. 1980, 90ರ ದಶಕಗಳಲ್ಲಿ ಅಮೆರಿಕದ ವಿಮರ್ಶಕರಿಗೆ ಗಾಢ ಬಣ್ಣದ, ದಪ್ಪ ಮೈಯ, ಹೊಸ ಓಕ್ ಮರದ ವಾಸನೆ ಹೊತ್ತ ವೈನ್‌ಗಳು ರುಚಿಸಿದವು. ಲೆಟ್ ಅವರ ವೈನ್‌ಗೆ ‘ತೆಳು’ ಎಂಬ ದೂರು ಮತ್ತೆ ಮತ್ತೆ ಕೇಳಿಬಂತು. ನೆರೆಹೊರೆಯವರು ಹಣ್ಣನ್ನು ಬಳ್ಳಿಯಲ್ಲಿ ಇನ್ನಷ್ಟು ದಿನ ಬಿಟ್ಟು, ಸಕ್ಕರೆ ಏರಿಸಿ, ಹೊಸ ಪೀಪಾಯಿಗಳನ್ನು ತರಿಸಿ ಅಂಕ ಗಳಿಸಿದರು. ಲೆಟ್ ಜಗ್ಗಲಿಲ್ಲ. ಹಣ್ಣು ಪಕ್ವವಾದ ಕೂಡಲೇ ಕೊಯ್ದರು, ಹಳೆಯ ಪೀಪಾಯಿಗಳಲ್ಲೇ ಇಟ್ಟರು. ನನ್ನ ಲೆಕ್ಕದಲ್ಲಿ ಅವರು ಬಿಟ್ಟುಹೋದ ದೊಡ್ಡ ಆಸ್ತಿ ಈ ಹಟ. ಆ ದಿನಗಳಲ್ಲಿ ಅದು ವ್ಯಾಪಾರಕ್ಕೆ ಪೆಟ್ಟು ಕೊಟ್ಟಿರಬಹುದು. ಆದರೆ ನಲವತ್ತು ವರ್ಷದ ಬಾಟಲಿ ಇನ್ನೂ ಜೀವ ಹಿಡಿದಿರುವುದಕ್ಕೆ ಕಾರಣ ಆ ಹಣ್ಣಿನಲ್ಲಿ ಉಳಿಸಿಕೊಂಡ ಹುಳಿಯೇ.

ಇನ್ನೊಂದನ್ನು ಹೇಳದೆ ಮುಂದೆ ಹೋಗುವುದು ನ್ಯಾಯವಲ್ಲ. ಬೆಟ್ಟದ ಇಳಿಜಾರುಗಳು ಮನೆ ನಿವೇಶನಗಳಾಗದೆ ಕೃಷಿಗೆ ಉಳಿಯಲಿ ಎಂದು ಲೆಟ್ ದಂಪತಿ ಮತ್ತು ಅವರ ಜೊತೆಯ ಬೆಳೆಗಾರರು ಹೋರಾಡಿದರು. 1973ರಲ್ಲಿ ಆರೆಗನ್ ತಂದ ಭೂಬಳಕೆ ಕಾನೂನು ಅವರಿಗೆ ಆಸರೆಯಾಯಿತು. ಬಾಟಲಿಯ ಮೇಲೆ ದ್ರಾಕ್ಷಿಯ ಹೆಸರು ಹಾಕಬೇಕಾದರೆ ಅದು ಶೇ 90ರಷ್ಟಾದರೂ ಇರಲೇಬೇಕು ಎಂಬ ಕಟ್ಟುನಿಟ್ಟನ್ನೂ ಆ ರಾಜ್ಯದ ಬೆಳೆಗಾರರು 1977ರಲ್ಲಿ ತಾವಾಗಿಯೇ ಬಯಸಿ ತಂದುಕೊಂಡರು. ಮಗನಿಗೆ ಸಿಕ್ಕ ತೋಟದ ಸುತ್ತ ಇಂದಿಗೂ ತೋಟಗಳೇ ಇರುವುದು ಈ ಕೆಲಸದ ಫಲ.

2005: ಕೈ ಬದಲಾದದ್ದು ಎಲ್ಲಿ?

ಜೇಸನ್ ಬೆಳೆದದ್ದು ಈ ಪೀಪಾಯಿಗಳ ನಡುವೆಯೇ. ಆದರೂ ನೇರವಾಗಿ ತಂದೆಯ ಕುರ್ಚಿಗೆ ಬಂದವರಲ್ಲ. ಹೊರಗೆ ಹೋಗಿ ಪರಿಸರ ವಿಜ್ಞಾನ ಓದಿದರು, ಬರ್ಗಂಡಿಯಲ್ಲಿ ಕೆಲಸ ಮಾಡಿದರು. ಬ್ಲ್ಯಾಕ್ ಕ್ಯಾಪ್ ಎಂಬ ಬೇರೆ ಹೆಸರಿನಲ್ಲಿ ಸ್ವಂತ ವೈನ್ ಮಾಡಿ ಕೈ ಪಳಗಿಸಿಕೊಂಡರು. ತೋಟ ಕೈಗೆ ಬರುವ ಮೊದಲೇ ಇನ್ನೊಂದು ರೀತಿಯಲ್ಲಿ ವೈನ್ ಮಾಡಬಲ್ಲೆ ಎಂಬುದನ್ನು ತಮಗೆ ತಾವೇ ತೋರಿಸಿಕೊಂಡಿದ್ದರು. ಹಾಗೆ ಮಾಡಿಕೊಂಡಿರದಿದ್ದರೆ ತಂದೆಯ ತೋಟದಲ್ಲೇ ಅದನ್ನು ತೋರಿಸಲು ಹೊರಡುವ ಆಸೆ ಹುಟ್ಟುತ್ತಿತ್ತೇನೋ. ಹಸ್ತಾಂತರದ ಬಹುತೇಕ ಅನಾಹುತಗಳು ಆ ಆಸೆಯಿಂದಲೇ ಆಗುತ್ತವೆ.

ಈಗ ಲೋಟಕ್ಕೆ ಬರೋಣ. 2005ರಲ್ಲಿ ಅಂಗಡಿಯಲ್ಲಿದ್ದ ಐರಿ ಬಾಟಲಿಗಳು ಆ ವರ್ಷದವಲ್ಲ. ಪಿನೋ ನ್ವಾರ್ ಪೀಪಾಯಿಯಲ್ಲಿ ಒಂದು ವರ್ಷವಾದರೂ ಇರುತ್ತದೆ, ಬಾಟಲಿಗೆ ತುಂಬಿದ ಮೇಲೆ ಇನ್ನಷ್ಟು ತಿಂಗಳು ಮಲಗುತ್ತದೆ. ಯಜಮಾನರು ನಿವೃತ್ತರಾದರೆಂಬ ಸುದ್ದಿ ಕೇಳಿ ಅಂಗಡಿಗೆ ಓಡಿದವರು ಕೊಂಡದ್ದು ತಂದೆಯದೇ ವೈನ್. ಮಗನ ಮೊದಲ ಕೊಯ್ಲಿನ ವೈನ್ ಹೊರಬರುವ ಹೊತ್ತಿಗೆ ಜನ ಹೊಸ ಹೆಸರಿಗೆ ಒಗ್ಗಿಕೊಂಡಿರುತ್ತಾರೆ, ಇಲ್ಲವೇ ಪೂರ್ವಗ್ರಹ ಬೆಳೆಸಿಕೊಂಡಿರುತ್ತಾರೆ. ಪೀಪಾಯಿಯಲ್ಲಿರುವುದು ಇನ್ನೂ ಗೋಜಲಾದ ವಿಷಯ. ಹಳಬರು ಕೊಯ್ದು ಹುದುಗಿಸಿದ ರಸ, ಅದನ್ನು ಬೆರೆಸಿ ಬಾಟಲಿಗೆ ಹಾಕುವ ನಿರ್ಧಾರ ಹೊಸಬರದು. ಯಾವ ಬಾಟಲಿ ಯಾರದು ಎಂದು ಗೆರೆ ಎಳೆಯುವುದು ಇಂಥ ಮನೆಗಳಲ್ಲಿ ಯಾವಾಗಲೂ ಕಷ್ಟ.

ಆಮೇಲೆ ಹವಾಮಾನ. ವಿಲಾಮೆಟ್ ಕಣಿವೆಯಲ್ಲಿ 2005 ತಂಪು ವರ್ಷ. ಕೊಯ್ಲಿನ ಹೊತ್ತಿಗೆ, ಸೆಪ್ಟೆಂಬರ್ ಕೊನೆಯಲ್ಲಿ, ಮಳೆ ಹಿಡಿಯಿತು. 2006ರಲ್ಲಿ ಬಿಸಿಲು ಕಾಯಿತು, ಹಣ್ಣು ಧಾರಾಳವಾಗಿ ಮಾಗಿತು, ವೈನ್‌ಗಳು ದಪ್ಪವಾದವು. 2007ರಲ್ಲಿ ಕೊಯ್ಲಿನ ನಡುವೆ ಮತ್ತೆ ಮಳೆ. ಪತ್ರಿಕೆಗಳು ಆ ವರ್ಷವನ್ನು ಮೊದಲಿಗೆ ತಳ್ಳಿಹಾಕಿದವು, ಕೆಲವು ವರ್ಷಗಳಾದ ಮೇಲೆ ಅದೇ ವೈನ್‌ಗಳ ನಾಜೂಕನ್ನು ಹೊಗಳಿದವರೂ ಬಹಳ. 2008 ತಡವಾಗಿ ಮಾಗಿದ, ಆ ಕಣಿವೆಯವರು ಈಗಲೂ ಕೊಂಡಾಡುವ ವರ್ಷ. ಬಿಸಿ ಹೆಚ್ಚಿದರೆ ಹಣ್ಣಿನೊಳಗಿನ ಮ್ಯಾಲಿಕ್ ಆಮ್ಲ ಬೇಗ ಕರಗುತ್ತದೆ, ಸಕ್ಕರೆ ಏರುತ್ತದೆ, ಅದರ ಹಿಂದೆಯೇ ಆಲ್ಕೋಹಾಲ್ ಏರುತ್ತದೆ. ಮಳೆ ಬಂದರೆ ಹಣ್ಣು ನೀರು ಕುಡಿದು ಉಬ್ಬುತ್ತದೆ, ರಸ ತೆಳುವಾಗುತ್ತದೆ, ಕೊಳೆಯುವ ಭಯದಿಂದ ಕೊಯ್ಲು ಬೇಗ ಮುಗಿಯುತ್ತದೆ. ಜೇಸನ್ ಅವರ ಮೊದಲ ನಾಲ್ಕು ವರ್ಷಗಳಲ್ಲಿ ಒಂದರ ಹಾಗೆ ಇನ್ನೊಂದು ಇರಲಿಲ್ಲ. ಇಂಥ ನಾಲ್ಕು ವರ್ಷಗಳಲ್ಲಿ ಮನುಷ್ಯನ ಕೈಯನ್ನು ಹುಡುಕುವವರು ಆಕಾಶವನ್ನು ಮನುಷ್ಯನೆಂದು ತಿಳಿಯುತ್ತಾರೆ.

ಎಳೆಯ ಪಿನೋ ನ್ವಾರ್ ಬಾಟಲಿಗೆ ಬಿದ್ದ ಹೊಸದರಲ್ಲಿ ಮಂಕಾಗುತ್ತದೆ ಎಂಬುದನ್ನೂ ಮರೆಯಬಾರದು. ತುಂಬುವಾಗ ತಗಲುವ ಗಾಳಿ, ಆಗ ಸೇರಿಸುವ ಗಂಧಕದ ಅಂಶ, ಎರಡೂ ಸೇರಿ ಹಣ್ಣಿನ ಪರಿಮಳವನ್ನು ಕೆಲವು ತಿಂಗಳು ಅಡಗಿಸಿಬಿಡುತ್ತವೆ. ಹೊಸ ಯಜಮಾನರ ಮೊದಲ ಬಾಟಲಿಯನ್ನು ಆ ಹೊತ್ತಿನಲ್ಲಿ ತೆರೆದವರಿಗೆ ‘ಏನೋ ಕಳೆದುಹೋಗಿದೆ’ ಅನ್ನಿಸುವುದು ಖಂಡಿತ. ಹಳೆಯ ಯಜಮಾನರ ಕಾಲದಲ್ಲೂ ಅದೇ ತಿಂಗಳಲ್ಲಿ ಅದೇ ಮಂಕು ಇತ್ತು. ಆಗ ಯಾರೂ ಅದಕ್ಕೆ ಅರ್ಥ ಹುಡುಕುತ್ತಿರಲಿಲ್ಲ, ಅಷ್ಟೇ.

ಅಡ್ಡಕ್ಕೂ ಉದ್ದಕ್ಕೂ

ಹಾಗಾದರೆ ರುಚಿ ನೋಡುವುದು ಹೇಗೆ? ಎರಡು ಹೋಲಿಕೆಗಳು ಬೇಕು. ಒಂದು ಅಡ್ಡಕ್ಕೆ: ಅದೇ ವರ್ಷ, ಅದೇ ಬೆಟ್ಟ, ಬೇರೆ ಬೇರೆ ತೋಟಗಳ ವೈನ್‌ಗಳನ್ನು ಸಾಲಾಗಿ ಇಡುವುದು. ಎಲ್ಲದರಲ್ಲೂ ಕಾಣುವ ಗುಣ ಆ ವರ್ಷದ್ದು, ಒಂದರಲ್ಲಿ ಮಾತ್ರ ಕಾಣುವುದು ಆ ಮನೆಯದು. ಇನ್ನೊಂದು ಉದ್ದಕ್ಕೆ: ಅದೇ ಮನೆಯ ಹಿಂದಿನ ಮುಂದಿನ ವರ್ಷಗಳನ್ನು ಸಾಲಿಡುವುದು. ಇಲ್ಲೊಂದು ತೊಡಕಿದೆ. ಹತ್ತು ವರ್ಷದ ಬಾಟಲಿಯನ್ನು ಎರಡು ವರ್ಷದ ಬಾಟಲಿಯ ಪಕ್ಕ ಇಟ್ಟರೆ ಗೊತ್ತಾಗುವುದು ವಯಸ್ಸಿನ ಅಂತರ, ಕೈಯ ಅಂತರವಲ್ಲ. ತಂದೆಯ 1998 ಮತ್ತು ಮಗನ 2008 ಎರಡನ್ನೂ ಅವು ಹತ್ತು ವರ್ಷದವಾಗಿದ್ದಾಗ ಕುಡಿದು ನೆನಪಿಟ್ಟವರು ಮಾತ್ರ ನ್ಯಾಯವಾಗಿ ಹೋಲಿಸಬಲ್ಲರು. ಅಂಥ ನಾಲಿಗೆ ಬಹಳ ಜನಕ್ಕೆ ಇಲ್ಲ. ಬರೆದಿಟ್ಟುಕೊಂಡವರು ಅದಕ್ಕಿಂತಲೂ ಕಡಿಮೆ.

ಪೋರ್ಟ್‌ಲ್ಯಾಂಡ್‌ನ ಪಶ್ಚಿಮಕ್ಕಿರುವ ಬೀವರ್ಟನ್, ಹಿಲ್ಸ್‌ಬರೋ ಊರುಗಳಲ್ಲಿ ಚಿಪ್ ಕಾರ್ಖಾನೆಗಳ ಕೆಲಸಕ್ಕೆ ಬಂದ ಕನ್ನಡಿಗರು ಸಾಕಷ್ಟು ಜನ ಇದ್ದಾರೆ. ಡಂಡೀ ಅಲ್ಲಿಂದ ಕಾರಿನಲ್ಲಿ ದೂರವೇನಲ್ಲ. ಅಂಥ ಒಂದು ಮನೆಯ ಊಟದ ಮೇಜಿನ ಮೇಲೆ ಐರಿಯ 2005 ಮತ್ತು 2006ರ ಪಿನೋಗಳನ್ನು ಬಟ್ಟೆ ಸುತ್ತಿ ಇಟ್ಟಿದ್ದೆವು. ಬಾಟಲಿಗಳಿಗೆ ಆಗ ಒಳ್ಳೆಯ ವಯಸ್ಸಾಗಿತ್ತು. ಒಂದು ಲೋಟ ಬಿಳಿ ಮೇಜುಬಟ್ಟೆಯ ಮೇಲೆ ಓರೆ ಹಿಡಿದರೆ ಅಂಚಿನಲ್ಲಿ ಇಟ್ಟಿಗೆಯ ಬಣ್ಣ, ಒಳಗೆ ಬೆಳಕು ಹಾದುಹೋಗುವ ತೆಳು ಕೆಂಪು. ಮೂಗಿಗೆ ಹುಳಿ ಚೆರ್ರಿ, ಒದ್ದೆ ತರಗೆಲೆ. ಬಾಯಲ್ಲಿ ಮೊದಲು ಏನೂ ಇಲ್ಲವೆನ್ನಿಸಿ, ನುಂಗಿದ ಮೇಲೆ ಹುಳಿ ನಾಲಿಗೆಯ ಎರಡು ಬದಿಯಲ್ಲಿ ಏಳುತ್ತಿತ್ತು. ಇನ್ನೊಂದು ಲೋಟ ಗಾಢ, ಸಿಹಿ ಹಣ್ಣಿನ ವಾಸನೆ, ಗಂಟಲಲ್ಲಿ ಸ್ವಲ್ಪ ಬಿಸಿ. ಮೊದಲನೆಯದು ತಂದೆಯದು, ಎರಡನೆಯದು ಮಗನದು ಎಂದು ಹೆಚ್ಚಿನವರು ಹೇಳಿದರು. ಒಬ್ಬರು ಮಾತ್ರ ಎರಡರಲ್ಲೂ ಒಗರು ಒಂದೇ ತರಹ ಮೃದುವಾಗಿದೆ, ಓಕ್ ವಾಸನೆ ಎರಡರಲ್ಲೂ ಹಿಂದೆ ಸರಿದಿದೆ, ಮಾಡಿದವರು ಒಬ್ಬರೇ ಇರಬೇಕು ಎಂದರು. ಬಟ್ಟೆ ಬಿಚ್ಚಿದಾಗ ಅವರ ಮಾತು ನಿಜವಾಯಿತು. ಎರಡೂ ಹಸ್ತಾಂತರದ ನಂತರದ ಕೊಯ್ಲುಗಳು.

ಆ ಗೆಳೆಯರು ಹಣ್ಣಿನ ರುಚಿ, ಬಣ್ಣ, ಆಲ್ಕೋಹಾಲುಗಳನ್ನು ಬದಿಗಿಟ್ಟು ಒಗರಿನ ಹದ ಮತ್ತು ಮರದ ವಾಸನೆಯನ್ನು ಹಿಡಿದಿದ್ದರು. ಕೈ ಗುರುತಿಸಬೇಕಾದರೆ ಅದೇ ಸರಿಯಾದ ದಾರಿ. ಸಕ್ಕರೆ ಎಷ್ಟಿರಬೇಕೆಂಬುದನ್ನು ಹವಾಮಾನ ಬಹುಮಟ್ಟಿಗೆ ನಿರ್ಧರಿಸುತ್ತದೆ. ಹುದುಗುವಾಗ ಮೇಲೆ ತೇಲುವ ಸಿಪ್ಪೆಯ ಪದರವನ್ನು ದಿನಕ್ಕೆ ಎಷ್ಟು ಸಲ, ಎಷ್ಟು ಬಲವಾಗಿ ಒಳಗೆ ಒತ್ತಬೇಕು, ಹೊಸ ಪೀಪಾಯಿ ಎಷ್ಟು ಬಳಸಬೇಕು, ಮಡ್ಡಿಯ ಮೇಲೆ ಎಷ್ಟು ತಿಂಗಳು ಬಿಡಬೇಕು ಎಂಬುದನ್ನು ನಿರ್ಧರಿಸುವುದು ಮನುಷ್ಯ. ಆ ಗುರುತುಗಳು ವರ್ಷ ಬದಲಾದರೂ ಉಳಿಯುತ್ತವೆ.

ನೆಲಮಾಳಿಗೆಯ ಬಾಟಲಿಗಳು

ಐರಿಯಲ್ಲಿ ಜೇಸನ್‌ಗೆ ಸಿಕ್ಕ ಅಪರೂಪದ ಸೌಲಭ್ಯವೆಂದರೆ ತಂದೆ ಮಾರದೆ ಉಳಿಸಿದ್ದ ಹಳೆಯ ಬಾಟಲಿಗಳು. 1970ರ ದಶಕದಿಂದ ಹಿಡಿದು ಮೂರು ದಶಕಗಳಿಗೂ ಹೆಚ್ಚಿನ ಕೊಯ್ಲುಗಳು ಅಲ್ಲಿದ್ದವು. ಹಳೆಯ ಬಿರಡೆಗಳನ್ನು ನಂಬುವಂತಿಲ್ಲ. ಕೆಲವು ಸೋರುತ್ತವೆ, ಕೆಲವಕ್ಕೆ ಬೂಷ್ಟಿನ ವಾಸನೆ ಹಿಡಿಯುತ್ತದೆ. ಒಂದೇ ವರ್ಷದ ಹನ್ನೆರಡು ಬಾಟಲಿಗಳು ಹನ್ನೆರಡು ಬಗೆಯಾಗಿರುತ್ತವೆ. ಜೇಸನ್ ಅವುಗಳನ್ನು ಒಂದೊಂದಾಗಿ ತೆರೆಯುವ ಕೆಲಸಕ್ಕೆ ಇಳಿದರು. ಬಿರಡೆ ತೆಗೆದು, ಸ್ವಲ್ಪ ಸುರಿದು, ಮೂಸಿ, ರುಚಿ ನೋಡಿ, ಕೆಟ್ಟದ್ದನ್ನು ಬಿಟ್ಟು, ಗಟ್ಟಿಯಾಗಿ ಉಳಿದದ್ದಕ್ಕೆ ಹೊಸ ಬಿರಡೆ ಜಡಿದು ಮತ್ತೆ ಮಲಗಿಸುವ ಕೆಲಸ. ಹೀಗೆ ಪರೀಕ್ಷೆಯಾದ ಹಳೆಯ ವೈನ್‌ಗಳನ್ನು ವೈನರಿಯೇ ಮಾರಾಟಕ್ಕೂ ಇಟ್ಟಿತು.

ಹೊರಗಿನವರು ಇದನ್ನು ವ್ಯಾಪಾರದ ಜಾಣತನವೆಂದು ನೋಡಬಹುದು. ಹೌದು, ಅದರಿಂದ ಹಣ ಬಂದಿರುತ್ತದೆ. ನನಗೆ ಅದರಲ್ಲಿ ದೊಡ್ಡದಾಗಿ ಕಾಣುವುದು ಬೇರೆ. ತಂದೆ ತೀರಿಕೊಂಡ ಮೇಲೆ ಕೇಳಲಾಗದ ಪ್ರಶ್ನೆಗಳಿಗೆ ಮಗ ಉತ್ತರ ಪಡೆದದ್ದು ಆ ಬಾಟಲಿಗಳಿಂದ. ಮಳೆ ಬಿದ್ದ ವರ್ಷದ ವೈನ್ ಇಪ್ಪತ್ತೈದು ವರ್ಷಕ್ಕೆ ಏನಾಯಿತು? ಬಿಸಿಲಿನ ವರ್ಷದ್ದು ಬೇಗ ದಣಿಯಿತೇ? ಹೊಸದರಲ್ಲಿ ವಿಮರ್ಶಕರು ತೆಳುವೆಂದು ಕಡೆಗಣಿಸಿದ್ದು ಈಗ ಹೇಗಿದೆ? ಇಂಥದಕ್ಕೆ ದಾಖಲೆ ಪುಸ್ತಕಗಳಲ್ಲಿ ಉತ್ತರ ಇರುವುದಿಲ್ಲ. ತಂದೆಯ ಹಟ ಸರಿಯಾಗಿತ್ತೇ ಎಂಬುದನ್ನು ಮಗ ನಂಬಿಕೆಯ ಮೇಲೆ ಒಪ್ಪಬೇಕಾಗಿರಲಿಲ್ಲ. ತಾನೇ ನೂರಾರು ಬಿರಡೆ ತೆಗೆದು ನೋಡಬಹುದಿತ್ತು. ಒಂದು ಸಣ್ಣ ವೈನರಿಯ ಹಸ್ತಾಂತರದಲ್ಲಿ ಇದಕ್ಕಿಂತ ಬೆಲೆಬಾಳುವ ದಾಖಲೆ ಇನ್ನೊಂದನ್ನು ನಾನು ಕಾಣೆ. ಬಹಳಷ್ಟು ಮನೆಗಳಲ್ಲಿ ಹಳೆಯ ಬಾಟಲಿಗಳನ್ನು ಸಾಲ ತೀರಿಸಲು ಎಂದೋ ಮಾರಿಬಿಟ್ಟಿರುತ್ತಾರೆ.

ಬದಲಾವಣೆಗಳು ಆಗಲಿಲ್ಲವೆಂದಲ್ಲ, ಆದರೆ ಬಂದದ್ದು ನಿಧಾನವಾಗಿ. ತೋಟ ಕಾಲಕ್ರಮದಲ್ಲಿ ಡಂಡೀ ಬೆಟ್ಟಗಳಲ್ಲೇ ಬೇರೆ ಬೇರೆ ಎತ್ತರದ ಐದು ತುಂಡುಗಳಾಗಿ ಬೆಳೆದಿತ್ತು. ಜೇಸನ್ ಅವುಗಳ ಹಣ್ಣನ್ನು ಬೇರೆಬೇರೆಯಾಗಿ ಬಾಟಲಿ ಮಾಡಿ, ಸಿಸ್ಟರ್ಸ್, ಔಟ್‌ಕ್ರಾಪ್, ಡ್ಯಾಫ್ನಿ ಎಂಬಂಥ ತೋಟದ ಹೆಸರಿನಲ್ಲೇ ಹೊರತಂದರು. ಒಂದೇ ಮಣ್ಣು, ಒಂದೇ ಕೈ, ಬೇರೆ ಎತ್ತರ. ಮೇಲಿನ ತೋಟಗಳಲ್ಲಿ ಹಣ್ಣು ತಡವಾಗಿ ಮಾಗುತ್ತದೆ, ಹುಳಿ ಚೂಪಾಗಿ ಉಳಿಯುತ್ತದೆ. ಫ್ರಾನ್ಸಿನ ಜೂರಾ ಸೀಮೆಯ ತ್ರೂಸೋ ಎಂಬ ಕೆಂಪು ದ್ರಾಕ್ಷಿಯನ್ನೂ ನೆಡಿಸಿದರು. ಅರವತ್ತರ ದಶಕದಲ್ಲಿ ಯಾರೂ ಬೆಳೆಯದ ಪಿನೋ ಗ್ರೀಯನ್ನು ತಂದೆ ನೆಟ್ಟದ್ದೂ ಇದೇ ತರಹದ ಕೆಲಸ. ತಂದೆಯಿಂದ ಮಗನಿಗೆ ಬಂದದ್ದರಲ್ಲಿ ಈ ಗುಣವೂ ಸೇರಿತ್ತೆಂದು ನಾನು ಎಣಿಸುತ್ತೇನೆ.

ಎಲ್ಲ ಯಜಮಾನರೂ ಮಕ್ಕಳಿಗೆ ಒಪ್ಪಿಸಿ ಹೋಗುವುದಿಲ್ಲ. ಕ್ಯಾಲಿಫೋರ್ನಿಯಾದ ಹಾರ್ಲನ್ ಬೆಟ್ಟದಲ್ಲಿ ಸುಣ್ಣಕಲ್ಲಿನ ನೆಲ ಹುಡುಕಿ ಕಲೇರಾ ತೋಟ ಕಟ್ಟಿದ ಜಾಶ್ ಜೆನ್ಸನ್ 2017ರಲ್ಲಿ ಅದನ್ನು ಡಕ್‌ಹಾರ್ನ್ ಕಂಪನಿಗೆ ಮಾರಿದರು. ಫ್ರಾನ್ಸಿನ ಸೋಮ್ಯೂರ್ ಬಳಿಯ ಕ್ಲೋ ರೂಜಾರ್‌ನಲ್ಲಿ ಶಾರ್ಲಿ ಫೂಕೋ 2015ರಲ್ಲಿ ತೀರಿಕೊಂಡರು, ಎರಡು ವರ್ಷಗಳಲ್ಲಿ ತೋಟ ಉದ್ಯಮಿಗಳ ಕುಟುಂಬವೊಂದರ ಪಾಲಾಯಿತು. ನಮ್ಮಲ್ಲಿ ನಂದಿಬೆಟ್ಟದ ಬುಡದಲ್ಲಿ ಕನ್ವಲ್ ಗ್ರೋವರ್ ಫ್ರೆಂಚ್ ದ್ರಾಕ್ಷಿ ತಂದು ಬೆಳೆಸಿದ ತೋಟ ಮಗ ಕಪಿಲ್ ಅವರ ಕೈಗೆ ಬಂದು, 2012ರಲ್ಲಿ ನಾಸಿಕ್ ಕಡೆಯ ಇನ್ನೊಂದು ವೈನರಿಯೊಡನೆ ಸೇರಿ ಗ್ರೋವರ್ ಝಾಂಪಾ ಆಯಿತು. ಮಾರಾಟವಾದ ತೋಟಗಳಲ್ಲಿ ಬಂಡವಾಳ ಬರುತ್ತದೆ, ಹಳೆಯ ಬಳ್ಳಿಗಳಿಗೆ ಕೆಲವೊಮ್ಮೆ ಮೊದಲಿಗಿಂತ ಒಳ್ಳೆಯ ಆರೈಕೆಯೂ ಸಿಗುತ್ತದೆ. ತೊಂದರೆ ಬೇರೆ ಕಡೆ ಇದೆ. ಕೊಂಡವರು ಹಾಕಿದ ದುಡ್ಡು ಬೇಗ ಹಿಂದಿರುಗಬೇಕು. ಕೊಯ್ಲು ಎರಡು ದಿನ ಮುಂದಕ್ಕೋ ಹಿಂದಕ್ಕೋ ಎಂಬ ನಿರ್ಧಾರದಲ್ಲಿ ಮಾರುಕಟ್ಟೆಯ ಮಾತು ತೂಗತೊಡಗುತ್ತದೆ. ಐರಿಗೆ ಅಂಥ ಒತ್ತಡ ಇರಲಿಲ್ಲ. ಆ ಮಟ್ಟಿಗೆ ಈ ಪ್ರಕರಣ ಅನುಕೂಲಸ್ಥರದ್ದೇ ಹೌದು.

ಯಜಮಾನರು ಹೋದ ಸಣ್ಣ ವೈನರಿಯ ಹೊಸ ಬಾಟಲಿ ಕೈಗೆ ಬಂದವರಿಗೆ ನಾನು ಹೇಳುವುದು ಇಷ್ಟು. ಚೀಟಿಯ ಮೇಲಿನ ಇಸವಿ ನೋಡಿ, ಅದು ಯಾರ ಕೊಯ್ಲು ಎಂದು ಕೇಳಿ ತಿಳಿದುಕೊಳ್ಳಿ. ಒಂದನ್ನು ಈಗ ಕುಡಿಯಿರಿ, ಇನ್ನೊಂದನ್ನು ಕತ್ತಲೆಯ ತಂಪು ಜಾಗದಲ್ಲಿ ಮಲಗಿಸಿ. ಅದೇ ಬೆಟ್ಟದ, ಅದೇ ವರ್ಷದ ನೆರೆತೋಟದ ಒಂದು ಬಾಟಲಿ ಪಕ್ಕದಲ್ಲಿರಲಿ. ತೋಟದಲ್ಲಿ ಕೆಲಸ ಮಾಡುವವರು ಹಳಬರೇ ಉಳಿದಿದ್ದಾರೆಯೇ ಎಂದು ವಿಚಾರಿಸಿ. ಬಳ್ಳಿ ಸವರುವ ಕೈಗಳು ಬದಲಾದರೆ ಅದರ ಪರಿಣಾಮ, ವೈನ್ ಮಾಡುವವರ ಹೆಸರು ಬದಲಾದದ್ದಕ್ಕಿಂತ ಹೆಚ್ಚಾಗಿರಬಹುದು.

ಐರಿಯ ಮುಂದಿನ ದೊಡ್ಡ ಬದಲಾವಣೆ ಯಜಮಾನಿಕೆಯದಲ್ಲ, ಬೇರಿನದು. ಬಳ್ಳಿಯ ಬೇರು ತಿನ್ನುವ ಫಿಲಾಕ್ಸೆರಾ ಕೀಟ 1990ರಲ್ಲಿ ಆರೆಗನ್‌ನಲ್ಲಿ ಪತ್ತೆಯಾಯಿತು. ಡೇವಿಡ್ ಲೆಟ್ ನೆಟ್ಟ ಬಳ್ಳಿಗಳು ಕಸಿ ಮಾಡಿದವಲ್ಲ, ಸ್ವಂತ ಬೇರಿನವು. ಯುರೋಪಿನ ದ್ರಾಕ್ಷಿಯ ಬೇರಿಗೆ ಆ ಕೀಟವನ್ನು ತಡೆಯುವ ಶಕ್ತಿ ಇಲ್ಲ. ಕಿತ್ತು, ಕೀಟ ತಾಳುವ ಅಮೆರಿಕದ ಬೇರಿನ ಮೇಲೆ ಕಸಿ ಮಾಡಿ ಮರುನಾಟಿ ಮಾಡಿದರೆ ಹಣ್ಣಿಗೆ ಮೂರು ವರ್ಷವಾದರೂ ಕಾಯಬೇಕು. ಹಳೆಯ ಬಳ್ಳಿಯ ಗುಣ ಬರಲು ಇನ್ನೂ ಹತ್ತಾರು ವರ್ಷ. ಮೊದಲ ನಾಟಿಯ ಬಳ್ಳಿಗಳ ಹಣ್ಣನ್ನು ಈಗ ಬೇರೆಯಾಗಿಯೇ ಬಾಟಲಿ ಮಾಡುತ್ತಾರೆ. ಆರಂಭದ ಬಳ್ಳಿಗಳದು ಎಂದು ಚೀಟಿಯ ಮೇಲೆ ಬರೆದಿರುತ್ತದೆ. ಕೊಳ್ಳುವ ಶಕ್ತಿ ಇರುವವರು ಅದರಲ್ಲಿ ಒಂದನ್ನು, ಅದೇ ವರ್ಷದ ಎಳೆಯ ಬಳ್ಳಿಗಳ ಬಾಟಲಿಯೊಡನೆ ಇಟ್ಟು ಕುಡಿದು ನೋಡಲಿ. ಕೈ ಒಂದೇ, ವರ್ಷ ಒಂದೇ ಆಗಿರುವುದರಿಂದ ಅಲ್ಲಿ ಸಿಗುವ ವ್ಯತ್ಯಾಸ ಬಹುಮಟ್ಟಿಗೆ ಬಳ್ಳಿ ಮತ್ತು ನೆಲದ್ದೇ.